30 ಸಾವಿರದೊಳಗೆ ಮನೆಮಂದಿಗೂ ಕಾರಿಗೂ ಒಂದೇ ಕ್ಯಾಮೆರಾ

ಆಯುಧಪೂಜೆ ಹತ್ತಿರ ಬಂದರೆ ಸ್ಟುಡಿಯೋಗೆ ಬರುವವರ ಬಾಯಲ್ಲಿ ಒಂದೇ ಮಾತು. "ಸಾರ್, 30 ಸಾವಿರದೊಳಗೆ ಒಂದು ಕ್ಯಾಮೆರಾ ಹೇಳಿ. ಮಕ್ಕಳ ಫೋಟೋ ತೆಗೀಬೇಕು, ಹೊಸ ಕಾರಿದೆ, ಅದರದ್ದೂ ಚೆನ್ನಾಗಿ ಬರಬೇಕು." ಹೆಚ್ಚಿನವರು ಎಷ್ಟು ಮೆಗಾಪಿಕ್ಸೆಲ್ ಅಂತ ಶುರು ಮಾಡುತ್ತಾರೆ. ನಾನು ಮೊದಲು ಎರಡು ವಿಷಯ ಕೇಳುತ್ತೇನೆ. ಸಂಜೆ ನಿಮ್ಮ ಹಾಲ್‌ನಲ್ಲಿ ಬೆಳಕು ಹೇಗಿರುತ್ತದೆ? ಕಾರು ನಿಲ್ಲಿಸಿದ ಮೇಲೆ ನೀವು ಎಷ್ಟು ಹಿಂದೆ ಸರಿಯಬಹುದು? ಇವೆರಡು ಗೊತ್ತಾದರೆ ಯಾವ ಲೆನ್ಸ್ ಬೇಕು ಅಂತ ಗೊತ್ತಾಗುತ್ತದೆ. ಲೆನ್ಸ್ ಗೊತ್ತಾದ ಮೇಲೆ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಆರಿಸುವುದು ಸುಲಭ.

ಮೆಗಾಪಿಕ್ಸೆಲ್ ಲೆಕ್ಕ ಬೇಗ ಮುಗಿಸಿಬಿಡೋಣ. ಇಂಚಿಗೆ 300 ಚುಕ್ಕೆಯಂತೆ 6×4 ಪ್ರಿಂಟ್ ಹಾಕಿಸಲು 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಮದುವೆ ಆಲ್ಬಂನ 12×18 ಪುಟ ಪೂರ್ತಿ ತುಂಬಲು 19 ಚಿಲ್ಲರೆ ಬೇಕು. 24 ಮೆಗಾಪಿಕ್ಸೆಲ್ ಇರುವ ಹಳೆ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಇದೆಲ್ಲ ಆರಾಮಾಗಿ ಆಗುತ್ತದೆ. ಆನ್‌ಲೈನ್‌ನಲ್ಲಿ ಐದಾರು ಸಾವಿರಕ್ಕೆ "48 ಮೆಗಾಪಿಕ್ಸೆಲ್, 4ಕೆ" ಅಂತ ಬರುವ ಪುಟ್ಟ ಕ್ಯಾಮೆರಾಗಳನ್ನು ದಯವಿಟ್ಟು ಕೊಳ್ಳಬೇಡಿ. ಅವುಗಳ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ತೀರಾ ಸಣ್ಣದು. ಎಷ್ಟೋ ಮಾಡೆಲ್‌ಗಳಲ್ಲಿ ಫೋಕಸ್ಸೇ ಬದಲಾಗುವುದಿಲ್ಲ. ಸಣ್ಣ ಚಿತ್ರವನ್ನು ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿ ದೊಡ್ಡ ಸಂಖ್ಯೆ ತೋರಿಸುತ್ತಾರೆ. ಅದಕ್ಕಿಂತ ನಿಮ್ಮ ಕೈಯಲ್ಲಿರುವ ಫೋನೇ ಎಷ್ಟೋ ವಾಸಿ.

ಫೋನ್ ವಿಷಯವನ್ನೂ ನೇರವಾಗಿ ಹೇಳುತ್ತೇನೆ. ಹಗಲಿನ ಬೆಳಕಲ್ಲಿ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಮಾತ್ರ ಹಾಕುವವರು ಕ್ಯಾಮೆರಾ ಕೊಳ್ಳುವ ಅಗತ್ಯವಿಲ್ಲ, ದುಡ್ಡು ಉಳಿಸಿಕೊಳ್ಳಿ. ಕ್ಯಾಮೆರಾ ಬೇಕಾಗುವುದು ಎರಡು ಕಡೆ. ಒಂದು, ಟ್ಯೂಬ್‌ಲೈಟ್ ಬೆಳಕಲ್ಲಿ ಒಂದು ಕಡೆ ನಿಲ್ಲದೆ ಓಡಾಡುವ ಮಗು. ಇನ್ನೊಂದು, ಕಾರಿನ ಆಕಾರ. ಫೋನಿನ ಮುಖ್ಯ ಲೆನ್ಸ್ ತುಂಬಾ ಅಗಲ ನೋಡುತ್ತದೆ. ಕಾರು ಫ್ರೇಮ್ ತುಂಬಬೇಕು ಅಂತ ನೀವು 12-13 ಅಡಿ ಹತ್ತಿರ ಹೋಗುತ್ತೀರಿ. ಆಗ ಮುಂದಿನ ಚಕ್ರ ಮತ್ತು ಬಂಪರ್ ಊದಿಕೊಂಡು, ಹಿಂಭಾಗ ಕುಗ್ಗಿದ ಹಾಗೆ ಕಾಣುತ್ತದೆ. ಇದು ಹತ್ತಿರ ನಿಂತಿದ್ದರಿಂದ ಆಗುವ ತೊಂದರೆ. ದೂರ ಸರಿದು, ಹೆಚ್ಚು ಎಂಎಂನ ಲೆನ್ಸ್‌ನಲ್ಲಿ (ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸ್ ನೋಡುವ ಅಗಲ ಕಡಿಮೆ) ತೆಗೆದರೆ ಅದೇ ಕಾರು ಅಳತೆಬದ್ಧವಾಗಿ ಕಾಣುತ್ತದೆ. ಫೋನಿನ ಪೋರ್ಟ್ರೇಟ್ ಮೋಡ್ ಮಸುಕು ಮಾಡುತ್ತದೆ ನಿಜ, ಆದರೆ ಕಾರಿನ ಆಂಟೆನಾ, ಮಗುವಿನ ಹಾರುವ ಕೂದಲು ಇಂಥ ಕಡೆ ಅಂಚು ತಪ್ಪುತ್ತದೆ.

ಈಗ ಆ ದೂರದ ಲೆಕ್ಕ ನೋಡೋಣ, ಇಲ್ಲೇ ಜಾಸ್ತಿ ಜನ ಎಡವುವುದು. ನಮ್ಮಲ್ಲಿ ತೆರಿಗೆಯ ಕಾರಣಕ್ಕೆ ಎಷ್ಟೋ ಕಾರುಗಳ ಉದ್ದ 4 ಮೀಟರ್‌ಗೆ ಸ್ವಲ್ಪ ಕಡಿಮೆ. ಪಕ್ಕದಿಂದ, ಎರಡೂ ಕಡೆ ಒಂದಿಷ್ಟು ಜಾಗ ಬಿಟ್ಟು ತೆಗೆಯಬೇಕು ಅಂದುಕೊಳ್ಳಿ. ಕ್ಯಾನನ್‌ನ ಎಪಿಎಸ್-ಸಿ ಸೆನ್ಸರ್‌ನಲ್ಲಿ (ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವ ಅಳತೆ) 50 ಎಂಎಂ ಲೆನ್ಸ್ ಹಾಕಿದರೆ ನೀವು ಸುಮಾರು 12 ಮೀಟರ್, ಅಂದರೆ 40 ಅಡಿ ಹಿಂದೆ ಹೋಗಬೇಕು. ಬೆಂಗಳೂರು, ಮೈಸೂರಿನ 30×40 ಸೈಟುಗಳ ಮುಂದೆ ಸಾಮಾನ್ಯವಾಗಿ ಇರುವುದು 30 ಅಡಿ ರಸ್ತೆ. ಕಾರೇ ಐದೂವರೆ ಅಡಿ ತಿಂದರೆ ಉಳಿಯುವುದು 24 ಅಡಿ. ಅಲ್ಲಿಂದ ಕಾರು ಪೂರ್ತಿ ಹಿಡಿಯಲು ಬೇಕಾದ್ದು 30 ಎಂಎಂ ಆಸುಪಾಸು. ಅದು ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್‌ನಲ್ಲೇ ಇದೆ! ಹಗಲಲ್ಲಿ ಎಫ್/8 (ಎಫ್ ಸಂಖ್ಯೆ ಲೆನ್ಸಿನ ಕಿಂಡಿಯ ಅಳತೆ, ಸಣ್ಣದಾದಷ್ಟೂ ಬೆಳಕು ಜಾಸ್ತಿ) ಇಟ್ಟರೆ ಅದು ತುಂಬಾ ಚೂಪಾದ ಚಿತ್ರ ಕೊಡುತ್ತದೆ. ಮನೆಮಂದಿಯೆಲ್ಲ ಕಾರಿನ ಪಕ್ಕ ನಿಂತರೂ ಎಲ್ಲರ ಮುಖ ಫೋಕಸ್‌ನಲ್ಲಿ ಇರುತ್ತದೆ. ಕಾರಿಗೆ ಅಂತಲೇ ದುಬಾರಿ ಲೆನ್ಸ್ ಹುಡುಕುವುದು ಬೇಡ.

ದುಡ್ಡು ಹಾಕಬೇಕಾದ್ದು ಮನೆಯೊಳಗಿನ ಬೆಳಕಿಗೆ. ಕಿಟ್ ಲೆನ್ಸ್ 55 ಎಂಎಂ ಕಡೆಗೆ ತಿರುಗಿಸಿದಾಗ ಎಫ್/5.6ಕ್ಕೆ ನಿಲ್ಲುತ್ತದೆ. ಎಫ್/1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸ್‌ನಲ್ಲಿ ಶಟರ್ (ಬೆಳಕು ಒಳಗೆ ಬಿಡುವ ಪರದೆ) 1/15 ಸೆಕೆಂಡ್ ತೆರೆದಿರಬೇಕಾದ ಜಾಗದಲ್ಲಿ ಇದರಲ್ಲಿ 1/125ಕ್ಕಿಂತ ವೇಗ ಸಿಗುತ್ತದೆ. 1/15ರಲ್ಲಿ ಕೇಕ್ ಕತ್ತರಿಸುವ ಮಗುವಿನ ಕೈ ಬರೀ ಗೆರೆಯಾಗಿ ಬರುತ್ತದೆ, 1/125ರಲ್ಲಿ ಬೆರಳು ಕಾಣುತ್ತದೆ. ನೀವು ಕೊಡುವ ದುಡ್ಡಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಯಾವ ಬಾಡಿಯೂ ಕೊಡುವುದಿಲ್ಲ.

ಹಾಗಾಗಿ ನನ್ನ ಸಲಹೆ, ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಕಿಟ್ ಲೆನ್ಸ್, ಜೊತೆಗೊಂದು ಎಫ್/1.8. ಕಂಪನಿಗಳ ಗಮನವೆಲ್ಲ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೋಗಿರುವುದರಿಂದ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಕೈಗೆಟುಕುವ ಬೆಲೆಗೆ ಬಂದಿವೆ. ನಾನು ಜಾಸ್ತಿ ಹೇಳುವುದು ಎರಡು. 2017ರಲ್ಲಿ ಬಂದ ಕ್ಯಾನನ್ 200ಡಿ, 2018ರ ನಿಕಾನ್ ಡಿ3500. ಎರಡೂ 24 ಮೆಗಾಪಿಕ್ಸೆಲ್. 200ಡಿಯ ಸ್ಕ್ರೀನ್ ಹೊರಗೆ ತಿರುಗುತ್ತದೆ, ಟಚ್ ಇದೆ, ಸ್ಕ್ರೀನ್ ನೋಡಿಕೊಂಡು ತೆಗೆದರೂ ಫೋಕಸ್ ಬೇಗ ಕೂರುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಮಗುವಿಗೂ, ಹೆಡ್‌ಲೈಟ್ ಎತ್ತರದಿಂದ ಕಾರು ತೆಗೆಯುವುದಕ್ಕೂ ಇದು ತುಂಬಾ ಅನುಕೂಲ. ಡಿ3500ರಲ್ಲಿ ಸ್ಕ್ರೀನ್ ತಿರುಗುವುದಿಲ್ಲ, ಸ್ಕ್ರೀನ್ ನೋಡಿ ತೆಗೆದರೆ ಫೋಕಸ್ ನಿಧಾನ. ಆದರೆ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ತೆಗೆಯುವವರಿಗೆ ಒಳ್ಳೆಯ ಒಡನಾಡಿ. ಕಂಪನಿ ಲೆಕ್ಕದಲ್ಲಿ ಒಂದು ಚಾರ್ಜ್‌ಗೆ 1,550 ಫೋಟೋ, 200ಡಿಗೆ 650.

ಮನೆ ಚಿಕ್ಕದಾದರೆ ನಾನು ನಿಕಾನ್ ಕಡೆ ವಾಲುತ್ತೇನೆ. ಕಾರಣ, ಅದಕ್ಕೆ 35 ಎಂಎಂ ಎಫ್/1.8 ಡಿಎಕ್ಸ್ (ನಿಕಾನ್‌ನಲ್ಲಿ ಎಪಿಎಸ್-ಸಿ ಅಳತೆಯ ಹೆಸರು) ಲೆನ್ಸ್ ಇದೆ. 10×12 ಅಡಿ ಹಾಲ್‌ನಲ್ಲಿ ಇಬ್ಬರು ಮಕ್ಕಳು ಮತ್ತು ಅಜ್ಜಿ ಒಂದೇ ಫ್ರೇಮ್‌ಗೆ ಬರುತ್ತಾರೆ. ಕ್ಯಾನನ್‌ನಲ್ಲಿ ಕಡಿಮೆ ಬೆಲೆಯ ಎಫ್/1.8 ಅಂದರೆ 50 ಎಂಎಂ. ಒಂದು ಮಗುವಿನ ಮುಖಕ್ಕೆ ಅದು ಸೊಗಸು, ಆದರೆ ಇಡೀ ಮನೆಮಂದಿ ಬೇಕೆಂದರೆ ಬೆನ್ನು ಗೋಡೆಗೆ ತಾಗುತ್ತದೆ. ನಿಕಾನ್‌ನವರಿಗೆ ಒಂದು ಎಚ್ಚರಿಕೆ. ಡಿ3500, ಡಿ5600 ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗ ಅಂತ ಹಳೆಯ 50 ಎಂಎಂ ಎಫ್/1.8ಡಿ ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ಮೋಟರ್ ಲೆನ್ಸ್‌ನಲ್ಲೇ ಇರಬೇಕು, ಹಾಗಾಗಿ ಲೆನ್ಸಿನ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇದೆಯಾ ನೋಡಿ ಕೊಳ್ಳಿ.

ಬಜೆಟ್ ಜಾಸ್ತಿ ಇದ್ದು ಹೊಸದೇ ಬೇಕು ಅನ್ನುವವರಿಗೆ 2023ರ ಕ್ಯಾನನ್ ಆರ್50 ಚೆನ್ನಾಗಿದೆ. ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ, ಓಡುವ ಗಾಡಿಯನ್ನೂ ಗುರುತಿಸುತ್ತದೆ. ಆದರೆ ಜೊತೆಗೆ ಬರುವ 18-45 ಲೆನ್ಸ್ ಮನೆಯೊಳಗೆ ಕತ್ತಲೆ. ಅದಕ್ಕೂ ಒಂದು ಎಫ್/1.8 ಬೇಕೇ ಬೇಕು.

ಕಾರಿಗೆ ನಾನು ಕಡ್ಡಾಯ ಅನ್ನುವ ಖರ್ಚು ಒಂದೇ, ಪೋಲರೈಜರ್ ಫಿಲ್ಟರ್. ಲೆನ್ಸ್ ಮುಂದೆ ತಿರುಗಿಸಿಕೊಂಡು ಹಾಕುವ ಗಾಜು. ವಿಂಡ್‌ಶೀಲ್ಡ್ ಮೇಲೆ ಬೀಳುವ ಆಕಾಶದ ಬಿಳುಪು, ಬಾನೆಟ್ ಮೇಲೆ ಕಾಣುವ ಎದುರು ಮನೆಯ ಗೇಟು, ಇವನ್ನು ಫಿಲ್ಟರ್ ತಿರುಗಿಸುತ್ತಲೇ ಕಣ್ಣೆದುರೇ ತೆಳುವಾಗುವುದನ್ನು ನೋಡಬಹುದು. ಬಣ್ಣ ಗಾಢವಾಗಿ ಎದ್ದು ಬರುತ್ತದೆ. ನೇರ ಎದುರು ನಿಂತರೆ ಪರಿಣಾಮ ಕಮ್ಮಿ. ಗಾಜಿಗೆ ಓರೆಯಾಗಿ, ಸುಮಾರು 35 ಡಿಗ್ರಿ ಕೋನದಲ್ಲಿ ನಿಂತಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರೋಮ್ ಮೇಲಿನ ಹೊಳಪಿಗೆ ಇದು ನಾಟುವುದಿಲ್ಲ. ಕೊಳ್ಳುವ ಮುಂಚೆ ಲೆನ್ಸ್ ಮುಂದಿನ ಅಳತೆ ನೋಡಿಕೊಳ್ಳಿ. ಕ್ಯಾನನ್ 18-55 ಹೆಚ್ಚಿನವಕ್ಕೆ 58 ಎಂಎಂ, ನಿಕಾನ್ ಎಎಫ್-ಪಿ 18-55ಕ್ಕೆ 55 ಎಂಎಂ.

ಇನ್ನೊಂದು ಮಾತು. ಬಿಳಿ ಕಾರು ಫೋಟೋದಲ್ಲಿ ಮಂಕಾಗಿ, ಕಪ್ಪು ಕಾರು ಬೂದಿ ಬಣ್ಣವಾಗಿ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುವಿನ ಬೂದು ಮಾಡಲು ನೋಡುತ್ತದೆ. ಬಿಳಿ ಕಾರಿಗೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1ರ ಹತ್ತಿರ, ಕಪ್ಪಿಗೆ -1ರ ಹತ್ತಿರ ಇಟ್ಟು ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಒಳಗೆ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್, ಬಿಟ್ಟು ಬನ್ನಿ. ಮಂಗಳೂರು, ಉಡುಪಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಕ್ಯಾಮೆರಾಗಳಲ್ಲಿ ಇದನ್ನು ತಪ್ಪದೆ ಹುಡುಕಬೇಕು. ನಾಲ್ಕು ಧೂಳಿನ ಕಣಕ್ಕೆ ಹೆದರಬೇಡಿ. ಆಮೇಲೆ ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರ್ ಮೇಲಿನ ಕಲೆಗಳು ಕಾಣುತ್ತವೆ. ನಿಕಾನ್‌ನಲ್ಲಿ ಶಟರ್ ಎಷ್ಟು ಸಲ ಓಡಿದೆ ಅನ್ನುವುದು ಫೋಟೋ ಫೈಲ್‌ನಲ್ಲೇ ಇರುತ್ತದೆ, ಹೊಸದಾಗಿ ತೆಗೆದ ಒಂದು ಫೋಟೋ ಇಸಿದುಕೊಂಡು ನೋಡಿ. ಮನೆಗೆ ತಂದ ಮೇಲೆ ಬಟ್ಟೆಯ ಬ್ಯಾಗಿನಲ್ಲಿಟ್ಟು ಬೀರುವಿನಲ್ಲಿ ಮರೆಯಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಸಾಕು. ಜೆಲ್ ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಿ.