ಹಕ್ಕಿಪಿಕ್ಕಿ ಜನ ಸುಡಾನ್‌ವರೆಗೆ ಹೋದದ್ದೇಕೆ?

ಪ್ರಶ್ನೆ: ಹಕ್ಕಿಪಿಕ್ಕಿ ಜನ ಕಾಡಿನ ಬುಡಕಟ್ಟಿನವರಲ್ಲವೇ? ಎಣ್ಣೆ, ಗಿಡಮೂಲಿಕೆ ಹೊತ್ತು ಆಫ್ರಿಕಾಕ್ಕೆ ಏಕೆ ಹೋಗುತ್ತಾರೆ?

ಉತ್ತರ: 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾಗಿ, ನಮ್ಮ ರಾಜ್ಯದ ನೂರಕ್ಕೂ ಹೆಚ್ಚು ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಾಗಿನಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕಾಡಿನವರೆಂದರೆ ಕಾಡು ಬಿಟ್ಟು ಕದಲದವರು ಎಂದು ನಾವು ಎಣಿಸುತ್ತೇವೆ. ಇವರು ಹಾಗಲ್ಲ. ಕಾಡಿನಲ್ಲಿ ಸಿಕ್ಕಿದ್ದನ್ನು ಊರೂರಿಗೆ ಒಯ್ದು ಮಾರುವುದೇ ಇವರ ಕಸುಬು.

ಈ ತಿರುಗಾಟದ ಗುರುತಿಗೆ ಅವರ ಮನೆಮಾತನ್ನೇ ನೋಡಿ. ವಾಗ್ರಿ ಗುಜರಾತಿಗೆ ಹತ್ತಿರದ ನುಡಿ. ಒಂದು ಕುಲದ ಹೆಸರು ಗುಜರಾತಿಯಾ, ಇನ್ನೊಂದರದು ರಾಜಸ್ಥಾನದ ಸೀಮೆಯನ್ನು ನೆನಪಿಸುವ ಮೇವಾರ. ಮನೆಯಲ್ಲಿ ವಾಗ್ರಿ, ಸಂತೆಯಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ. ಶಾಲೆಯ ಮೆಟ್ಟಿಲು ಹತ್ತದ ಹಿರಿಯರೂ ಇಷ್ಟು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲರು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಬಂಡವಾಳ ಇದೇ.

ಹಿಂದೆ ಗಂಡಸರು ಉರುಳು, ಬಲೆ ಒಡ್ಡಿ, ಬಾಯಲ್ಲೇ ಹಕ್ಕಿಯ ಕೂಗು ಹಾಕಿ ಕೌಜುಗವನ್ನು ಹತ್ತಿರ ಕರೆಯುತ್ತಿದ್ದರು. ಸಂತೆ, ಜಾತ್ರೆಗಳ ಮಾರಾಟದಲ್ಲಿ ಹೆಂಗಸರು ಸರಿಸಮನಾಗಿ ದುಡಿಯುತ್ತಿದ್ದರು, ಈಗಲೂ ದುಡಿಯುತ್ತಾರೆ. ಮದುವೆಯಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಾರೆ. ಮಗಳು ಹೊರಟರೆ ಆ ಮನೆಯ ದುಡಿಮೆ ಕಡಿಮೆಯಾಗುತ್ತದೆ ಎಂಬ ಅರಿವು ಇದರಲ್ಲಿದೆ ಎಂದೇ ನನಗೆ ಅನ್ನಿಸುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ಹಕ್ಕಿಗಳ ಮಟ್ಟಿಗೆ ಆಗಲೇಬೇಕಾಗಿದ್ದ ಕೆಲಸ ಅದು; ಆದರೆ ತಲೆಮಾರುಗಳ ಅನ್ನ ರಾತ್ರೋರಾತ್ರಿ ಅಪರಾಧವಾದಾಗ ಬೇರೆ ದಾರಿಯನ್ನು ಅವರೇ ಹುಡುಕಿಕೊಳ್ಳಬೇಕಾಯಿತು. ಜಾತ್ರೆಗಳಲ್ಲಿ ಪ್ಲಾಸ್ಟಿಕ್ ಹೂ, ಮಣಿಸರ ಮಾರಿದರು. ಹುಣಸೂರಿನ ಪಕ್ಷಿರಾಜಪುರದಂತಹ ಕಾಲೊನಿಗಳಲ್ಲಿ ನೆಲೆ ನಿಂತವರು ಬೇರು, ಸೊಪ್ಪುಗಳನ್ನು ಎಣ್ಣೆಗೆ ಹಾಕಿ ದೊಡ್ಡ ಬಾಣಲೆಯಲ್ಲಿ ಕುದಿಸಿ, ಸೋಸಿ, ಬಾಟಲಿಗೆ ತುಂಬಿ ತಲೆಗೂದಲಿನ ಎಣ್ಣೆಯೆಂದು ಮಾರತೊಡಗಿದರು.

ಆಫ್ರಿಕಾ ಈ ತಿರುಗಾಟದ ಮುಂದಿನ ಊರು, ಅಷ್ಟೆ. ಆಸ್ಪತ್ರೆ ದೂರವಿರುವ, ಇದ್ದರೂ ದುಬಾರಿಯಾಗಿರುವ ಕಡೆಗಳಲ್ಲಿ ಗಿಡಮೂಲಿಕೆಗೆ ಗಿರಾಕಿಗಳಿದ್ದಾರೆ. ಟಿಕೆಟ್, ವೀಸಾ, ಸರಕಿಗೆ ಬಡ್ಡಿ ಸಾಲ ಎತ್ತಿ, ನೆಂಟರಿಷ್ಟರು ಗುಂಪಾಗಿ ಹೋಗಿ, ಕೆಲವು ತಿಂಗಳು ವ್ಯಾಪಾರ ಮಾಡಿ ಮರಳುತ್ತಾರೆ. ಬಂದ ಹಣದಲ್ಲಿ ಮೊದಲು ಸಾಲ ತೀರಬೇಕು, ಉಳಿದದ್ದಷ್ಟೇ ಲಾಭ. ಭಾರತ ಸರ್ಕಾರ ತನ್ನ ಜನರನ್ನು ಸುಡಾನ್‌ನಿಂದ ಕರೆತಂದ ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯಲ್ಲಿ ಜೀವ ಉಳಿಸಿಕೊಂಡು ಬಂದವರಲ್ಲಿ ಹಲವರ ತಲೆಯ ಮೇಲೆ ಆ ಸಾಲ ಹಾಗೆಯೇ ಇತ್ತು.