ತಾಳಿಕೆ ಎಂದರೆ ದಿನ ದೂಡುವ ಬಗೆ

ರೆಸಿಲಿಯನ್ಸ್, ಅಂದರೆ ಕಷ್ಟವನ್ನು ತಾಳಿ ಚೇತರಿಸಿಕೊಳ್ಳುವ ಮನೋಗುಣಕ್ಕೆ, ಮನಃಶಾಸ್ತ್ರದ ಪಠ್ಯಗಳಲ್ಲಿ ಸಿಗುವ ಪದ 'ಸ್ಥಿತಿಸ್ಥಾಪಕತ್ವ'. ಎಳೆದು ಬಿಟ್ಟ ರಬ್ಬರು ಮೊದಲಿನಂತಾಗುತ್ತದಲ್ಲ, ಆ ಗುಣ. ಹೊರಜಗತ್ತಿನಿಂದ ದೂರವಾಗಿ ಬಹುದಿನ ಕಳೆದವರ ಕುರಿತ ಈ ಅಧ್ಯಾಯದ ಮಟ್ಟಿಗೆ ನನಗೆ 'ತಾಳಿಕೆ'ಯೇ ಸರಿ ಅನ್ನಿಸುತ್ತದೆ. ಪುಟಿದೇಳುವುದು ಆಮೇಲಿನ ಮಾತು, ಮೊದಲು ದಿನ ದೂಡಬೇಕಲ್ಲ.

2010ರ ಆಗಸ್ಟ್ 5ರಂದು ಚಿಲಿಯ ಸಾನ್ ಹೋಸೆ ಗಣಿ ಕುಸಿದು 33 ಮಂದಿ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಬಿದ್ದರು. ಅವರು ಬದುಕಿದ್ದಾರೆಂದು ಮೇಲಿನವರಿಗೆ ಗೊತ್ತಾಗಲು 17 ದಿನ ಬೇಕಾಯಿತು. ಅಲ್ಲಿಯವರೆಗೆ ಎರಡು ದಿನಕ್ಕೊಮ್ಮೆ ಎರಡು ಚಮಚ ಟ್ಯೂನಾ ಮೀನು, ಒಂದು ಗುಟುಕು ಹಾಲು, ಬಿಸ್ಕತ್ತಿನ ತುಣುಕು. ಪಾಳಿಯ ಮುಖ್ಯಸ್ಥ ಲೂಯಿಸ್ ಉರ್ಜುವಾ ಹಂಚಿಕೆಯಲ್ಲಿ ಶಿಸ್ತು ತಂದ, ಕೆಲಸ ಹಂಚಿದ. 69 ದಿನಗಳ ಬಳಿಕ ಎಲ್ಲರಿಗಿಂತ ಕೊನೆಗೆ ಮೇಲೆ ಬಂದ. ಹಸಿವು ಎಲ್ಲರಿಗೂ ಒಂದೇ ಆಗಿತ್ತು. ಪಾಲು ಸಮನಾಗಿದ್ದರಿಂದ ಜಗಳಕ್ಕೆ ಒಂದು ಕಾರಣ ಕಮ್ಮಿಯಾಯಿತು ಎಂಬುದು ನನ್ನ ಓದು.

ಅಪಾಯವೇ ಇಲ್ಲದಿದ್ದರೆ? ಮಂಗಳಯಾನದ ಅಣಕಾಗಿ ನೆಲದ ಮೇಲೇ ನಡೆಸಿದ ಮಾಸ್ಕೋದ ಮಾರ್ಸ್-500 ಪ್ರಯೋಗದಲ್ಲಿ (2010–11) ಆರು ಗಂಡಸರು 520 ದಿನ ಮುಚ್ಚಿದ ಕೋಣೆಗಳಲ್ಲಿದ್ದರು. ಚಳಿಯಿಲ್ಲ, ಹಸಿವಿಲ್ಲ. ಆದರೂ ತಿಂಗಳು ಕಳೆದಂತೆ ಓಡಾಟ ಕಡಿಮೆಯಾಗಿ ಮಲಗುವುದು ಹೆಚ್ಚಾಯಿತು. ಒಬ್ಬನ ದೇಹದ ಗಡಿಯಾರವಂತೂ 25 ಗಂಟೆಯ ದಿನಕ್ಕೆ ಜಾರಿ, ಉಳಿದವರು ಎದ್ದಿರುವಾಗ ಅವನು ನಿದ್ದೆ ಮಾಡುವಂತಾಯಿತು. ಏಕತಾನತೆಯನ್ನು ಹಗುರವಾಗಿ ಕಾಣಬೇಡಿ.

ಇಂಥ ವಾಸದ ಅವಧಿಯನ್ನು ನಾಲ್ಕು ಭಾಗ ಮಾಡಿ ನೋಡುವ 'ಮೂರನೇ ಕಾಲುಭಾಗದ ಕುಸಿತ' ಎಂಬ ವಾದ ಪರೀಕ್ಷೆಗೆ ಬರಬಹುದು. ಅರ್ಧ ದಾರಿ ಮುಗಿಯಿತು ಎಂಬ ಹಿಗ್ಗು ಇಳಿದು, ಇನ್ನೂ ಅಷ್ಟೇ ಉಳಿದಿದೆ ಎಂದು ಹೊಳೆದಾಗ ಮನಸ್ಸು ಕುಗ್ಗುತ್ತದೆ ಎನ್ನುತ್ತದೆ ಅದು. 1991ರಲ್ಲಿ ಮಂಡನೆಯಾದ ಈ ವಾದಕ್ಕೆ ಎಲ್ಲ ಅಧ್ಯಯನಗಳ ಬೆಂಬಲ ಸಿಕ್ಕಿಲ್ಲ. 'ಸಾಬೀತಾಗಿದೆ' ಎಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ಆದರೆ ಕೊನೆ ಯಾವಾಗ ಎಂದೇ ತಿಳಿಯದವರಿಗೆ ಮೂರನೇ ಕಾಲುಭಾಗ ಎಲ್ಲಿಯದು? 1916ರಲ್ಲಿ, ಹಡಗು ಕಳೆದುಕೊಂಡ ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ ಐವರೊಂದಿಗೆ ನೆರವು ತರಲು ಹೊರಟಾಗ, ಉಳಿದ 22 ಮಂದಿ ಅಂಟಾರ್ಕ್ಟಿಕಾ ಬಳಿಯ ಎಲಿಫೆಂಟ್ ದ್ವೀಪದಲ್ಲಿ ಬೋರಲು ಹಾಕಿದ ಎರಡು ದೋಣಿಗಳ ಅಡಿಯಲ್ಲಿ ನಾಲ್ಕು ತಿಂಗಳಿಗೂ ಹೆಚ್ಚು ಕಾದರು. ಮುಂದಾಳು ಫ್ರ್ಯಾಂಕ್ ವೈಲ್ಡ್ ಬೆಳಿಗ್ಗೆ ಎಬ್ಬಿಸುತ್ತ, ಸಾಮಾನು ಸುತ್ತಿಡಿ, ಬಾಸ್ (ಶ್ಯಾಕಲ್ಟನ್) ಇವತ್ತು ಬಂದರೂ ಬರಬಹುದು ಅನ್ನುತ್ತಿದ್ದ. ಆ 'ಬರಬಹುದು'ವನ್ನು ಗಮನಿಸಿ. ಇಂಥ ದಿನ ಬರುತ್ತಾನೆ ಎಂದಿದ್ದರೆ ಆ ದಿನ ಕಳೆದ ಮೇಲೆ ವೈಲ್ಡ್‌ನ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಹಡಗು ಬಂದದ್ದು ಆಗಸ್ಟ್ 30ಕ್ಕೆ. 22 ಮಂದಿಯೂ ಬದುಕಿದ್ದರು.