ಒಂದು ಬಾಟ್ಲಿ ಗ್ಲೂಕೋಸ್, ಒಂದು ರಾಗಿ ಮುದ್ದೆ

"ಸಾರ್, ಬೇರೆ ಏನೂ ಬೇಡ. ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ, ಎದ್ದು ಓಡಾಡ್ತೀನಿ."

ಹಾಸನದಲ್ಲಿ ನಾನು ಕ್ಲಿನಿಕ್ ಇಟ್ಟು ಇಪ್ಪತ್ತು ವರ್ಷ ದಾಟಿತು. ಈ ಮಾತು ಕೇಳದೆ ಒಂದು ವಾರವೂ ಕಳೆದಿಲ್ಲ. ಆಲೂರು ಕಡೆ ಶುಂಠಿ ಕಿತ್ತು ಸೊಂಟ ಹಿಡಿದುಕೊಂಡು ಬಂದವರು ಕೇಳುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಸಕಲೇಶಪುರದ ತೋಟಗಳಿಗೆ ಕಾಫಿ ಕುಯ್ಲಿಗೆ ಹೋಗಿ ಬಂದವರು ಕೇಳುತ್ತಾರೆ. ಹಾಸನಾಂಬೆಯ ಗುಡಿ ಬಾಗಿಲು ತೆರೆದ ದಿನಗಳಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರು ಕೇಳುತ್ತಾರೆ. ಪಿಯುಸಿ ಪರೀಕ್ಷೆ ಹತ್ತಿರ ಬಂದರೆ ಮಕ್ಕಳನ್ನೇ ಕರೆದುಕೊಂಡು ಬರುತ್ತಾರೆ. "ಓದಿ ಓದಿ ಸೋತು ಹೋಗಿದ್ದಾಳೆ, ಒಂದು ಡ್ರಿಪ್ ಹಾಕಿ ಸಾರ್."

ಬೇಡ ಅಂದರೆ ಮುಖ ಸಣ್ಣದಾಗುತ್ತದೆ. ದುಡ್ಡು ಕೊಡುತ್ತೇವೆ, ಆದರೂ ಹಾಕುವುದಿಲ್ಲ ಅನ್ನುತ್ತಾರಲ್ಲ ಅಂತ ಅವರಿಗೆ ಬೇಜಾರು. ಕೆಲವರು ನೇರ ಎದ್ದು ಬೇರೆ ಕಡೆ ಹೋಗುತ್ತಾರೆ. ಕೂಲಿ ಮಾಡಿದ ದುಡ್ಡು ಕೈಯಿಂದ ಹೋಗಿ, ಮೈಯಲ್ಲಿರುವ ಕಾಯಿಲೆ ಹಾಗೇ ಉಳಿಯುತ್ತದಲ್ಲ ಅಂತ ನನಗೆ ಸಂಕಟ. ಅದಕ್ಕೇ ಇವತ್ತು ಈ ಒಂದೇ ವಿಷಯ ಬಿಡಿಸಿ ಹೇಳುತ್ತೇನೆ.

ಬಾಟ್ಲಿಯಲ್ಲಿ ಏನಿದೆ ನೋಡೋಣ. ಸಾಮಾನ್ಯವಾಗಿ ಹಾಕುವುದು ಅರ್ಧ ಲೀಟರಿನ ಬಾಟ್ಲಿ. ಮೇಲೆ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಅಂತ ಬರೆದಿರುತ್ತದೆ. ಡೆಕ್ಸ್‌ಟ್ರೋಸ್ ಅಂದರೆ ಗ್ಲೂಕೋಸೇ. 100 ಮಿಲಿಲೀಟರಿಗೆ 5 ಗ್ರಾಂ, ಅರ್ಧ ಲೀಟರಿಗೆ 25 ಗ್ರಾಂ. ಉಳಿದದ್ದೆಲ್ಲ ನೀರು. 25 ಗ್ರಾಂ ಅಂದರೆ ಟೀ ಚಮಚದಲ್ಲಿ ಐದಾರು ಚಮಚ ಸಕ್ಕರೆ. ಅದರಿಂದ ಸಿಗುವುದು ಹೆಚ್ಚೆಂದರೆ 100 ಕ್ಯಾಲೊರಿ.

ಈಗ ಒಂದು ರಾಗಿ ಮುದ್ದೆ ಲೆಕ್ಕ ಹಾಕಿ. ನಮ್ಮ ಕಡೆ ಮುದ್ದೆ ಸಣ್ಣದಾಗಿ ಕಟ್ಟುವುದಿಲ್ಲ. ಆದರೂ 75 ಗ್ರಾಂ ಹಿಟ್ಟು ಅಂತ ಕಮ್ಮಿಯೇ ಹಿಡಿಯೋಣ. ಅದರಲ್ಲಿ 240 ಕ್ಯಾಲೊರಿ ಹತ್ತಿರ ಇರುತ್ತದೆ. ಎರಡು ಬಾಟ್ಲಿಗಿಂತ ಜಾಸ್ತಿ. ಕ್ಯಾಲ್ಸಿಯಂ ಬೇರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು ಇದ್ದರೆ ಪ್ರೋಟೀನೂ ಸಿಕ್ಕಿತು. ಬಾಟ್ಲಿಯಲ್ಲಿ ಪ್ರೋಟೀನ್ ಒಂದು ಚೂರೂ ಇಲ್ಲ. ಹೊಲದಲ್ಲಿ ದುಡಿಯುವವರಿಗೆ ದಿನಕ್ಕೆ 2000 ಕ್ಯಾಲೊರಿಗೂ ಹೆಚ್ಚು ಬೇಕು. ಅಷ್ಟನ್ನು ಬಾಟ್ಲಿಯಿಂದಲೇ ತುಂಬಬೇಕಾದರೆ ಇಪ್ಪತ್ತು ಬಾಟ್ಲಿ ಬೇಕು. ಹತ್ತು ಲೀಟರ್ ನೀರು ನರಕ್ಕೆ ಹೋಗಬೇಕು. ಮನುಷ್ಯ ಉಳಿಯುವುದಿಲ್ಲ.

ಇನ್ನೊಂದು ವಿಷಯ. ನೀವು ಗ್ಲೂಕೋಸ್ ಅನ್ನುವ ಬಾಟ್ಲಿಗಳಲ್ಲಿ ಎಷ್ಟೋ ಸಲ ಗ್ಲೂಕೋಸೇ ಇರುವುದಿಲ್ಲ. ನಾರ್ಮಲ್ ಸಲೈನ್ ಅಂದರೆ ಬರೀ ಉಪ್ಪುನೀರು. ಒಂದು ಲೀಟರಿಗೆ 9 ಗ್ರಾಂ ಉಪ್ಪು. ರಿಂಗರ್ ಲ್ಯಾಕ್ಟೇಟ್ ಅಂತ ಇನ್ನೊಂದು ಬರುತ್ತದೆ. ಅದರಲ್ಲೂ ಗ್ಲೂಕೋಸ್ ಇಲ್ಲ. ಆದರೆ ಹಾಕಿಸಿಕೊಂಡವರು ಮನೆಗೆ ಹೋಗಿ ಗ್ಲೂಕೋಸ್ ಏರಿಸಿಕೊಂಡು ಬಂದೆ ಅಂತಲೇ ಹೇಳುತ್ತಾರೆ.

ಹಳದಿ ಬಾಟ್ಲಿಗೆ ಬೇಡಿಕೆ ಇನ್ನೂ ಜಾಸ್ತಿ. "ಬಿಳೀದು ಬೇಡ ಸಾರ್, ಹಳದಿ ಹಾಕಿ, ಅದರಲ್ಲಿ ಪವರ್ ಇರುತ್ತೆ." ಆ ಹಳದಿ ಬಣ್ಣ ಬರುವುದು ಬಾಟ್ಲಿಗೆ ಸೇರಿಸಿದ ಬಿ ಕಾಂಪ್ಲೆಕ್ಸ್‌ನಿಂದ. ಅದರಲ್ಲಿರುವ ಬಿ2 ವಿಟಮಿನ್ನಿನ ಬಣ್ಣವೇ ಹಳದಿ. ದೇಹಕ್ಕೆ ಬೇಕಾದಷ್ಟು ಉಳಿದು, ಮಿಕ್ಕದ್ದು ಕಿಡ್ನಿಯಿಂದ ಹೊರಗೆ ಹೋಗುತ್ತದೆ. ಅವತ್ತು ಮೂತ್ರ ಗಾಢ ಹಳದಿ ಬಂದರೆ ಗಾಬರಿ ಬೇಡ, ಅದೇ ಬಣ್ಣ ಅದು.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಓದಿದವರು, ಓದದವರು, ಎಲ್ಲರೂ ಕೇಳುತ್ತಾರೆ. "ಆದ್ರೆ ಸಾರ್, ಊಟ ಹೊಟ್ಟೆಗೆ ಹೋಗುತ್ತೆ. ಇದು ನೇರ ರಕ್ತಕ್ಕೇ ಹೋಗುತ್ತಲ್ವಾ?"

ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ನೀವು ತಿಂದ ಮುದ್ದೆ, ಅನ್ನ, ರೊಟ್ಟಿ ಎಲ್ಲವೂ ಕರುಳಿನಲ್ಲಿ ಒಡೆದು ಕೊನೆಗೆ ಹೆಚ್ಚಿನ ಪಾಲು ಗ್ಲೂಕೋಸೇ ಆಗುತ್ತದೆ. ಕರುಳಿನಿಂದ ರಕ್ತಕ್ಕೆ ಹೋಗುತ್ತದೆ. ಆ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ. ಲಿವರ್ ಈಗ ಬೇಕಾದಷ್ಟನ್ನು ಮುಂದೆ ಬಿಟ್ಟು, ಉಳಿದದ್ದರಲ್ಲಿ ಒಂದು ಪಾಲು ಕೂಡಿಡುತ್ತದೆ. ರಾತ್ರಿ ನೀವು ಮಲಗಿದಾಗ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಇರುತ್ತದೆ. ಅಂದರೆ ಊಟವೂ ರಕ್ತಕ್ಕೇ ಹೋಗುತ್ತದೆ. ಸುತ್ತಿಕೊಂಡು ಹೋಗುತ್ತದೆ, ಅಷ್ಟೇ. ಆ ಸುತ್ತಿನಲ್ಲಿ ಪ್ರತಿ ಹೆಜ್ಜೆಗೂ ಒಬ್ಬ ಕಾವಲುಗಾರ ಇದ್ದಾನೆ.

ನರ ಅನ್ನುವುದು ಬರೀ ಕೊಳವೆ. ಕೂಡಿಡುವ ಜಾಗ ಅಲ್ಲ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ಇಡೀ ರಕ್ತದಲ್ಲಿ ಇರುವ ಗ್ಲೂಕೋಸ್ ಎಷ್ಟು ಗೊತ್ತಾ? ಹೆಚ್ಚು ಕಡಿಮೆ 5 ಗ್ರಾಂ. ಒಂದು ಟೀ ಚಮಚ. ದೇಹ ಅಷ್ಟನ್ನೇ ಕಾಪಾಡಿಕೊಳ್ಳುತ್ತದೆ. ಅದರ ಮೇಲೆ ಸುರಿದರೆ ಇನ್ಸುಲಿನ್ ಬಂದು ಹೆಚ್ಚಾದದ್ದನ್ನು ಎತ್ತಿಡುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಆದರೆ ಶಕ್ತಿ ಜಾಸ್ತಿ ಅನ್ನುವುದಾಗಿದ್ದರೆ ಶುಗರ್ ಕಾಯಿಲೆಯವರಷ್ಟು ಗಟ್ಟಿಮುಟ್ಟಾದವರು ಯಾರೂ ಇರುತ್ತಿರಲಿಲ್ಲ ಅಲ್ವಾ? ಅವರೇ ಸುಸ್ತು ಸುಸ್ತು ಅಂತ ಬರುತ್ತಾರೆ. ಶುಗರ್ ಇದೆ ಅಂತ ಗೊತ್ತೇ ಇಲ್ಲದವರು ಸುಸ್ತಿಗೆ ಗ್ಲೂಕೋಸ್ ಹಾಕಿಸಿಕೊಂಡು, ಶುಗರ್ ಇನ್ನೂ ಏರಿಸಿಕೊಂಡು ನನ್ನ ಹತ್ತಿರ ಬಂದದ್ದಿದೆ.

ಹಾಗಾದರೆ ಹಾಕಿಸಿಕೊಂಡ ಮೇಲೆ ಹಗುರ ಅನ್ನಿಸುವುದು ಸುಳ್ಳಾ? ಸುಳ್ಳಲ್ಲ. ಬಿಸಿಲಲ್ಲಿ ದುಡಿದು ನೀರು ಕುಡಿಯದೆ ಬಂದಿದ್ದರೆ ಆ ಅರ್ಧ ಲೀಟರ್ ನೀರು, ಉಪ್ಪು ಕೆಲಸ ಮಾಡಿರುತ್ತದೆ. ಕುಡಿದಿದ್ದರೂ ಅಷ್ಟೇ ಕೆಲಸ ಆಗುತ್ತಿತ್ತು. ಜೊತೆಗೆ ಜ್ವರ, ನೋವಿನ ಇಂಜೆಕ್ಷನ್ ಕೊಟ್ಟಿರುತ್ತಾರೆ. ಕೆಲವು ಕಡೆ ಸ್ಟೀರಾಯ್ಡ್ ಸೇರಿಸುವುದೂ ಉಂಟು. ಅದು ಕೊಟ್ಟ ದಿನ ಮೈ ಹಗುರವಾಗುತ್ತದೆ, ಪದೇ ಪದೇ ತಗೊಂಡರೆ ಮೂಳೆ, ಶುಗರ್, ಬಿಪಿ ಎಲ್ಲಕ್ಕೂ ತೊಂದರೆ. ಏನು ಹಾಕಿದ್ರಿ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಒಂದಿದೆ. ಬಾಟ್ಲಿ ಮುಗಿಯುವ ತನಕ ಎರಡು ಮೂರು ಗಂಟೆ ಮಲಗಬೇಕು. ನಮ್ಮ ಹಳ್ಳಿಯ ಹೆಂಗಸರಿಗೆ ಹಗಲು ಹೊತ್ತು ಅಷ್ಟು ಹೊತ್ತು ಮಲಗುವುದಕ್ಕೆ ಬೇರೆ ಎಲ್ಲಿ ಸಿಗುತ್ತದೆ? ಕೈಗೆ ಸೂಜಿ ಚುಚ್ಚಿದ್ದರೆ ಅತ್ತೆಯೂ ಎಬ್ಬಿಸುವುದಿಲ್ಲ, ಗಂಡನೂ ಎಬ್ಬಿಸುವುದಿಲ್ಲ. ಮಗ ಓಡಿಹೋಗಿ ಎಳನೀರು ತರುತ್ತಾನೆ. ಇದು ನನಗೆ ಅರ್ಥವಾಗುವುದಕ್ಕೆ ಹಲವು ವರ್ಷ ಬೇಕಾಯಿತು.

ಅರಸೀಕೆರೆ ಕಡೆಯ ಒಬ್ಬ ಹೆಣ್ಣುಮಗಳು ನೆನಪಾಗುತ್ತಾಳೆ. ವಯಸ್ಸು ನಲವತ್ತರ ಒಳಗೆ. ಗಂಡನ ಜೊತೆ ಬಂದಿದ್ದಳು. ಒಂದು ವರ್ಷದಲ್ಲಿ ಬೇರೆ ಬೇರೆ ಕಡೆ ನಾಲ್ಕು ಸಲ ಬಾಟ್ಲಿ ಹಾಕಿಸಿಕೊಂಡಿದ್ದಾಳೆ, ಇದು ಐದನೆಯದು. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿದೆ. ಕೆಂಪು ಅನ್ನುವುದೇ ಇಲ್ಲ, ಸುಣ್ಣದ ಹಾಗೆ ಬೆಳ್ಳಗೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಅಂದಳು. ಗಂಡನಿಗೆ ಮೆಡಿಕಲ್ ಸ್ಟೋರಿಂದ ಏನೋ ತರಲು ಹೇಳಿ ಕಳಿಸಿ, ಸಿಸ್ಟರ್ ಎದುರಿಗೆ ಕೇಳಿದೆ. "ಮುಟ್ಟು ಎಷ್ಟು ದಿನ ಹೋಗುತ್ತಮ್ಮಾ?" ತಲೆ ಬಗ್ಗಿಸಿ, "ಹತ್ತು ಹನ್ನೆರಡು ದಿನ ಸಾರ್. ವರ್ಷದಿಂದ" ಅಂದಳು. ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಹಿಮೋಗ್ಲೋಬಿನ್ 6.2 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆ ಕಾಣಿಸಿತು. ಕ್ಯಾನ್ಸರ್ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಒಂದು ವರ್ಷ ರಕ್ತ ಹರಿದು ಹೋಗುತ್ತಲೇ ಇತ್ತು, ಒಂದೊಂದು ಬಾಟ್ಲಿ ನೀರು ಉಳಿದ ರಕ್ತವನ್ನು ಇನ್ನಷ್ಟು ತೆಳ್ಳಗೆ ಮಾಡುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಕಬ್ಬಿಣದ ಅಂಶ, ಮತ್ತು ಆ ಒಂದು ಪ್ರಶ್ನೆ.

ಇದು ಒಬ್ಬಳ ಕತೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಐರನ್ ಮಾತ್ರೆ ಕೊಟ್ಟರೆ ಹದಿನೈದು ದಿನ ನುಂಗಿ ಬಿಟ್ಟುಬಿಡುತ್ತಾರೆ. ಮಲ ಕಪ್ಪಗಾಯಿತು ಅಂತ ಹೆದರುತ್ತಾರೆ. ಕಪ್ಪಗಾಗುವುದು ಮಾತ್ರೆಯಿಂದಲೇ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಆಗಲೇ ಒಳಗಿನ ದಾಸ್ತಾನು ತುಂಬುವುದು. ನಾವು ಕಾಫಿ ಸೀಮೆಯ ಜನ, ಊಟ ಆದ ತಕ್ಷಣ ಲೋಟ ಹಿಡಿಯುತ್ತೇವೆ. ಕಾಫಿ, ಟೀ ಎರಡೂ ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತವೆ. ಊಟಕ್ಕೂ ಮಾತ್ರೆಗೂ ಒಂದೆರಡು ಗಂಟೆ ದೂರ ಇಟ್ಟು ಕುಡಿಯಿರಿ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದು ಸಹಾಯ ಮಾಡುತ್ತದೆ.

ಸುಸ್ತಿನ ಹಿಂದೆ ಥೈರಾಯ್ಡ್ ಇರಬಹುದು, ಶುಗರ್ ಇರಬಹುದು, ಕಿಡ್ನಿ ತೊಂದರೆ ಇರಬಹುದು. ಎರಡು ವಾರ ಮೀರಿದ ಕೆಮ್ಮು ಜೊತೆಗಿದ್ದರೆ ಕಫ ಪರೀಕ್ಷೆ ಆಗಲೇಬೇಕು. ಮನಸ್ಸಿನ ಬೇಸರವೂ ಮೈ ಸುಸ್ತಾಗಿ ಕಾಣಿಸುತ್ತದೆ. ಬಾಟ್ಲಿ ಇವುಗಳಲ್ಲಿ ಯಾವುದನ್ನೂ ವಾಸಿ ಮಾಡುವುದಿಲ್ಲ. ಒಂದು ದಿನ ಮುಚ್ಚಿಡುತ್ತದೆ.

ದುಡ್ಡು ಹೋಯಿತು, ಹಾನಿ ಏನಿಲ್ಲ ಅಂದುಕೊಳ್ಳಬೇಡಿ. ಚನ್ನರಾಯಪಟ್ಟಣ ಕಡೆಯ ಒಬ್ಬ ಯಜಮಾನರು, ಎಪ್ಪತ್ತು ದಾಟಿದವರು. ಮೊದಲು ಹಾರ್ಟ್ ಅಟ್ಯಾಕ್ ಆಗಿ ಹೃದಯ ಸೋತಿತ್ತು. ಎರಡು ದಿನ ಊಟ ಸೇರಲಿಲ್ಲ ಅಂತ ಮನೆಯವರು ಒಂದು ಕಡೆ ಕರೆದುಕೊಂಡು ಹೋಗಿ ಸಂಜೆ ಎರಡು ಬಾಟ್ಲಿ ಸಲೈನ್ ಹಾಕಿಸಿದರು. ಅರ್ಧ ಲೀಟರಿನವು ಎರಡು, ಬೇಗ ಬೇಗ. ರಾತ್ರಿ ಕರೆತಂದಾಗ ಅವರು ಮಲಗಲು ಆಗದೆ ಕೂತೇ ಇದ್ದರು. ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಗೊರಗೊರ ಸದ್ದು. ಹೃದಯಕ್ಕೆ ಆ ನೀರನ್ನು ಮುಂದೆ ದೂಡಲು ಆಗದೆ ಶ್ವಾಸಕೋಶದಲ್ಲಿ ನಿಂತಿತ್ತು. ದಿನಕ್ಕೆ ಒಟ್ಟು 5 ಗ್ರಾಂ ಒಳಗೆ ಉಪ್ಪು ತಿನ್ನಿ ಅಂತ ನಾವು ಹೇಳುತ್ತೇವೆ. ಅವರಿಗೆ ನರದಲ್ಲೇ 9 ಗ್ರಾಂ ಹೋಗಿತ್ತು. ಆಕ್ಸಿಜನ್ ಕೊಟ್ಟು, ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟೆವು. ಬೆಳಗಿನ ಹೊತ್ತಿಗೆ ಸುಧಾರಿಸಿಕೊಂಡರು. ಅವರ ಸೊಸೆ, "ಒಳ್ಳೇದಾಗ್ಲಿ ಅಂತ ನಾವೇ ಕರ್ಕೊಂಡು ಹೋದ್ವಲ್ಲ ಸಾರ್" ಅಂತ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅವಳ ತಪ್ಪು ಏನೂ ಇರಲಿಲ್ಲ.

ಹೊಟ್ಟೆಯಿಂದ ಹೋದರೆ ಜಾಸ್ತಿಯಾದಾಗ ಬಾಯಾರಿಕೆ ನಿಲ್ಲುತ್ತದೆ, ವಾಂತಿ ಬರುತ್ತದೆ, ಸಾಕು ಅನ್ನಿಸುತ್ತದೆ. ನರಕ್ಕೆ ಸಾಕು ಅನ್ನಲು ಬರುವುದಿಲ್ಲ.

ಡ್ರಿಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟ ಅನ್ನುವ ವೈದ್ಯರು ಕಾಲರಾದಿಂದ ಸಾಯುತ್ತಿದ್ದವರ ನರಕ್ಕೆ ಉಪ್ಪುನೀರು ಹಾಕಿ ಕೆಲವರನ್ನು ಉಳಿಸಿದರು. ಇವತ್ತಿಗೂ ಕುಡಿದದ್ದೆಲ್ಲ ವಾಂತಿಯಾಗುವವರಿಗೆ, ಭೇದಿಯಿಂದ ಬಿಪಿ ಕುಸಿದವರಿಗೆ, ಪ್ರಜ್ಞೆ ತಪ್ಪಿದವರಿಗೆ, ಆಪರೇಷನ್ ಆದವರಿಗೆ, ಡೆಂಗ್ಯೂ ಗಂಭೀರವಾದವರಿಗೆ ಅದು ಪ್ರಾಣ ಉಳಿಸುತ್ತದೆ. ಯಾರಿಗೆ ಬೇಕು, ಎಷ್ಟು ಬೇಕು ಅನ್ನುವುದನ್ನು ಮೈ ಮುಟ್ಟಿ ನೋಡಿದ ವೈದ್ಯರೇ ತೀರ್ಮಾನಿಸಬೇಕು. ಈ ಬರಹ ಓದಿ, ಬೇಕಾದವರಿಗೂ ಬೇಡ ಅನ್ನಬೇಡಿ.

ಉಳಿದವರಿಗೆ ಬಾಯಿ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ಸಮಯ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ಬಾಟ್ಲಿಗಳು ಮುಗಿಯುತ್ತಾ ಬಂದವು. ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಅದು ಕೆಲಸ ಮಾಡುವುದು ಹೀಗೆ: ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ. ಉಪ್ಪು, ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ತೆರೆಯುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಬರುತ್ತದೆ. ಭೇದಿ ಆಗುತ್ತಿದ್ದರೂ ಆ ಬಾಗಿಲು ಹಾಳಾಗಿರುವುದಿಲ್ಲ.

ಅದೇ ಇವತ್ತಿನ ಓಆರ್‌ಎಸ್. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ, 24 ಗಂಟೆಯೊಳಗೆ ಮುಗಿಸಿ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕುವುದು ಬೇಡ, ಉಪ್ಪು ಜಾಸ್ತಿಯಾಗುತ್ತದೆ. ಅಂಗಡಿಯಲ್ಲಿ ಸಿಹಿ ಪಾನೀಯದ ಡಬ್ಬಿ ಮೇಲೆ ಓಆರ್‌ಎಸ್ ಅಂತ ಬರೆದು ಮಾರುತ್ತಿದ್ದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಲ್ಲಿಸಲು ಹೇಳಿತು. ಹೃದಯ, ಕಿಡ್ನಿ ತೊಂದರೆ ಇರುವವರು ಓಆರ್‌ಎಸ್ ಕೂಡ ಕೇಳಿಯೇ ಕುಡಿಯಬೇಕು.

ಈಗ ನಮ್ಮ ಕ್ಲಿನಿಕ್‌ನಲ್ಲಿ ಒಂದು ಮಂಚ ಬೇರೆ ಇಟ್ಟಿದ್ದೇವೆ. ಹೊಲದಿಂದ, ತೋಟದಿಂದ ಸೋತು ಬಂದ ಹೆಂಗಸರು ಬಾಟ್ಲಿ ಕೇಳಿದರೆ, ಪರೀಕ್ಷೆ ಮಾಡಿ, ರಕ್ತ ತೆಗೆಸಿ, ಅಲ್ಲಿ ಮಲಗಿಸುತ್ತೇನೆ. ಫ್ಯಾನ್ ಹಾಕುತ್ತೇವೆ. ಸಿಸ್ಟರ್ ಸ್ಟೀಲ್ ಲೋಟದಲ್ಲಿ ಓಆರ್‌ಎಸ್ ಕೊಡುತ್ತಾರೆ. ರಿಪೋರ್ಟ್ ಬರುವ ತನಕ ಎಬ್ಬಿಸಬೇಡಿ ಅಂತ ಜೊತೆಗೆ ಬಂದವರಿಗೆ ನಾನೇ ಹೇಳುತ್ತೇನೆ.